ಹಳೇ ಮೆಷಿನ್‌ಗೆ ಬೇರೆ ಕಂಟ್ರೋಲರ್ ಹುಡುಕುವ ಮುಂಚೆ

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಡಿಜಿಟಲ್ ಪ್ರೊಡಕ್ಷನ್ ಪ್ರಿಂಟರ್ ಕೊಂಡಿದ್ದೇನೆ. ನಾಲ್ಕು ಬಣ್ಣದ ಟೋನರ್ ಮೆಷಿನ್. ಗಾಜಿನ ಮೇಲೆ ಹಾಳೆ ಇಟ್ಟು ಕಾಪಿ ತೆಗೆದರೆ ಚೆನ್ನಾಗಿ ಬರುತ್ತದೆ. ಆದರೆ ಜೊತೆಗೆ ಬಂದ ಕಂಟ್ರೋಲರ್, ಅಂದರೆ ಕಂಪ್ಯೂಟರಿನ ಫೈಲನ್ನು ಮೆಷಿನ್‌ಗೆ ಉಣಿಸುವ ಡಬ್ಬಿ, ಒಂದು ಸಲ ಆನ್ ಆದರೆ ಮೂರು ಸಲ ಆಗುವುದಿಲ್ಲ. ಮಾರಿದವರು ‘ಅದು ಹೋಯ್ತು, ಬೇರೆ ಹಾಕ್ಕೊಳ್ಳಿ’ ಅಂತಾರೆ. ಒಳ್ಳೆಯ ಕಂಪ್ಯೂಟರಿಗೆ, ಫೈಲನ್ನು ಪ್ರಿಂಟಿನ ಚುಕ್ಕಿಗಳಾಗಿ ಒಡೆಯುವ ರಿಪ್ ಸಾಫ್ಟ್‌ವೇರ್ ಹಾಕಿ ಅದನ್ನೇ ಕಂಟ್ರೋಲರ್ ಮಾಡಿಕೊಳ್ಳಬಹುದಾ? ಬೇರೆ ಕಂಪನಿಯ ಕಂಟ್ರೋಲರ್ ಕೂರುತ್ತದಾ?

ಉತ್ತರ: ಒಂದು ಸಲವಾದರೂ ಆನ್ ಆಗುವ ಡಬ್ಬಿಯನ್ನು ‘ಹೋಯ್ತು’ ಅಂತ ನಾನು ಒಪ್ಪುವುದಿಲ್ಲ. ಅದಕ್ಕೆ ಕಾಯಿಲೆ ಇದೆ, ಅಷ್ಟೆ. ಕಾಪಿ ಚೆನ್ನಾಗಿ ಬರುತ್ತದೆ ಅಂತ ನೀವೇ ನೋಡಿದ್ದೀರಿ. ಅಂದರೆ ಹಾಳೆ ಮೇಲೆ ಟೋನರ್ ಕೂರಿಸುವ ಇಂಜಿನ್, ಅದರ ಡ್ರಮ್, ಟೋನರನ್ನು ಕರಗಿಸಿ ಅಂಟಿಸುವ ಫ್ಯೂಸರ್ ಎಲ್ಲ ಸರಿ ಇವೆ. ಬೇರೆ ಕಂಟ್ರೋಲರ್ ಹುಡುಕೋಕೆ ಹೊರಡುವ ಮುಂಚೆ ಈಗಿರುವುದರ ಪಕ್ಕದ ತಗಡು ಬಿಚ್ಚಿ ನೋಡಿ.

ಒಳಗಿರುವುದು ಬಹುಪಾಲು ಮಾಮೂಲಿ ಕಂಪ್ಯೂಟರೇ. ಮದರ್‌ಬೋರ್ಡು, ರ್ಯಾಮ್, ಹಾರ್ಡ್ ಡಿಸ್ಕು, ಪವರ್ ಸಪ್ಲೈ. ಲೈಸೆನ್ಸ್ ಅಂಟಿಕೊಂಡ ಮದರ್‌ಬೋರ್ಡು ಬಿಟ್ಟರೆ ಇವೆಲ್ಲ ಎಲ್ಲಾದರೂ ಸಿಗುವ ಸಾಮಾನು. ಸುಲಭಕ್ಕೆ ಸಿಗದೆ ಇರುವುದು ಇಂಟರ್‌ಫೇಸ್ ಬೋರ್ಡು, ಅಂದರೆ ಇಂಜಿನ್‌ಗೆ ಹೋಗುವ ದಪ್ಪ ಕೇಬಲ್ ಸಿಕ್ಕಿಸುವ ಕಾರ್ಡು. ಅದೊಂದು ಚೆನ್ನಾಗಿದ್ದರೆ ಉಳಿದದ್ದಕ್ಕೆ ದಾರಿ ಇದೆ.

ಒಮ್ಮೆ ಹೀಗೇ ಕೈಬಿಟ್ಟ ಕಂಟ್ರೋಲರ್ ಒಂದು ನನ್ನ ಮೇಜಿಗೆ ಬಂತು. ತಗಡು ಬಿಚ್ಚಿದೆ. ಪ್ರೊಸೆಸರ್ ಫ್ಯಾನಿಗೂ ಅದರ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳಿಗೂ ನಡುವೆ ಬೂದು ಧೂಳು ಕಂಬಳಿ ಹಾಸಿದ ಹಾಗೆ ಕೂತಿತ್ತು. ಕಾಗದದ ಪುಡಿ, ಟೋನರ್ ಪುಡಿ ಎರಡೂ ಸೇರಿದ ಧೂಳು. ಚಿಮಟದಲ್ಲಿ ಎತ್ತಿದರೆ ಒಂದೇ ತುಂಡಾಗಿ ಮೇಲೆ ಬಂತು. ಮದರ್‌ಬೋರ್ಡಿನ ಸಿಆರ್2032 ಸೆಲ್ ಅಳೆದೆ. 3 ವೋಲ್ಟ್ ಇರಬೇಕಾದಲ್ಲಿ 2 ಕೂಡ ಇರಲಿಲ್ಲ. ಈ ಸೆಲ್ ಸತ್ತರೆ, ಕಂಪ್ಯೂಟರನ್ನು ಶುರು ಮಾಡುವ ಬಯೋಸ್ ತನ್ನ ಸೆಟ್ಟಿಂಗ್ ಎಲ್ಲ ಮರೆಯುತ್ತದೆ. ಯಾವ ಡಿಸ್ಕಿನಿಂದ ಶುರು ಮಾಡಬೇಕು ಅನ್ನುವುದೂ ಅದಕ್ಕೆ ಗೊತ್ತಾಗುವುದಿಲ್ಲ. ಧೂಳು ತೆಗೆದೆ, ಸೆಲ್ ಬದಲಿಸಿದೆ, ಬಯೋಸ್ ಸರಿ ಮಾಡಿದೆ, ರ್ಯಾಮ್ ಕಡ್ಡಿ ಬಿಚ್ಚಿ ಮತ್ತೆ ಒತ್ತಿ ಕೂರಿಸಿದೆ. ಅಷ್ಟಕ್ಕೇ ಎದ್ದು ಕೂತಿತು. ಆಮೇಲೆ ಎರಡು ವರ್ಷ ದಿನವೂ ದುಡಿಯಿತು.

ನಿಮ್ಮದು ಆನ್ ಆದ ದಿನವೇ ಮಾಡಬೇಕಾದ ಮೊದಲ ಕೆಲಸ, ಕಾನ್ಫಿಗರೇಷನ್ ಪೇಜ್ ಪ್ರಿಂಟ್ ತೆಗೆಯುವುದು. ಸಾಫ್ಟ್‌ವೇರ್ ಆವೃತ್ತಿ, ಚಾಲೂ ಇರುವ ಆಪ್ಷನ್‌ಗಳು ಅದರಲ್ಲಿ ಸಿಗುತ್ತವೆ. ಎರಡನೆಯದು, ಡಿಸ್ಕನ್ನು ಹೊರತೆಗೆದು ಪೂರ್ತಿ ಕ್ಲೋನ್ ಮಾಡುವುದು. ಫೈಲ್ ಕಾಪಿ ಮಾಡಿದರೆ ಸಾಲದು, ಸೆಕ್ಟರ್ ಸೆಕ್ಟರ್ ಆಗಿ ಇಡೀ ಡಿಸ್ಕು ನಕಲಾಗಬೇಕು. ಮೂಲ ಡಿಸ್ಕನ್ನು ಎತ್ತಿಟ್ಟು ನಕಲಿನ ಮೇಲೆ ಎಲ್ಲ ಪ್ರಯೋಗ ಮಾಡಿ. ಹಳೇ ಡಿಸ್ಕು ಓದುವಾಗ ಎಡವುತ್ತಿದ್ದರೆ ಬೂಟ್ ಆಗದೆ ಇರುವುದಕ್ಕೆ ಅದೇ ಕಾರಣವೂ ಇರಬಹುದು. ಪವರ್ ಸಪ್ಲೈ ಬದಲಿಸಿ ನೋಡುವುದೂ ಮರೆಯಬೇಡಿ. ಬೋರ್ಡಿನ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಿ. ಚಪ್ಪಟೆ ಇರಬೇಕಾದ ತಲೆ ಗುಂಡಗಾಗಿದ್ದರೆ ಅಲ್ಲೇ ರೋಗ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಮಾಮೂಲಿ ಕಂಪ್ಯೂಟರೇ ಕಂಟ್ರೋಲರ್ ಆಗುತ್ತದಾ? ನೇರವಾಗಿ ಆಗುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಗೊತ್ತಿಲ್ಲದೆ ದುಡ್ಡು ಕಳೆದುಕೊಂಡವರನ್ನು ತುಂಬಾ ನೋಡಿದ್ದೇನೆ.

ಕಂಟ್ರೋಲರ್ ಎರಡು ಕೆಲಸ ಮಾಡುತ್ತದೆ. ಒಂದು, ಪಿಡಿಎಫ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಫೈಲನ್ನು ಚುಕ್ಕಿಗಳಾಗಿ ಒಡೆಯುವುದು. ಅದೇ ರಿಪ್. ಈ ಕೆಲಸಕ್ಕೆ ಸಾಫ್ಟ್‌ವೇರ್ ಬೇಕಾದಷ್ಟಿವೆ. ಅಡೋಬಿಯ ಪಿಡಿಎಫ್ ಪ್ರಿಂಟ್ ಇಂಜಿನ್ ಇದೆ, ಹಾರ್ಲೆಕ್ವಿನ್ ಇದೆ, 1988ರಿಂದ ಇರುವ ಘೋಸ್ಟ್‌ಸ್ಕ್ರಿಪ್ಟ್ ಇದೆ. ಎರಡನೇ ಕೆಲಸ, ಆ ಚುಕ್ಕಿಗಳನ್ನು ಇಂಜಿನ್ ಕೇಳಿದ ಕ್ಷಣದಲ್ಲಿ, ಕೇಳಿದ ಬಣ್ಣದ ಸರದಿಯಲ್ಲಿ, ಒಂದು ಗೆರೆಯೂ ತಪ್ಪದ ಹಾಗೆ ಉಣಿಸುವುದು. ಈ ಎರಡನೆಯದೇ ಬೀಗ.

ಲೆಕ್ಕ ಹಾಕಿ ನೋಡಿ. ಒಂದು ಎ3 ಪುಟ, 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ. ಅಡ್ಡ 7016 ಚುಕ್ಕಿ, ಉದ್ದ 9921 ಚುಕ್ಕಿ. ನಾಲ್ಕು ಬಣ್ಣ, ಬಣ್ಣಕ್ಕೆ 8 ಬಿಟ್. ಒಟ್ಟು ಸುಮಾರು 278 ಎಂಬಿ. ನಿಮಿಷಕ್ಕೆ 30 ಎ3 ಪುಟ ಓಡುವ ಮೆಷಿನ್‌ಗೆ ಸೆಕೆಂಡಿಗೆ ಸುಮಾರು 139 ಎಂಬಿ ಬೇಕು. ಗಿಗಾಬಿಟ್ ನೆಟ್‌ವರ್ಕ್ ಕೇಬಲ್ಲಿನ ತುತ್ತತುದಿಯೇ 125 ಎಂಬಿ. ಹಾಳೆ ಹೊರಟ ಮೇಲೆ ಇಂಜಿನ್ ಕಾಯುವುದಿಲ್ಲ. ಅದಕ್ಕೇ ಅಲ್ಲಿ ಬೇರೆ ಬೋರ್ಡು, ಬೇರೆ ಕೇಬಲ್ಲು ಇರುವುದು. ಆ ಕೇಬಲ್ಲಿನಲ್ಲಿ ಇಂಜಿನ್ ಮತ್ತು ಕಂಟ್ರೋಲರ್ ಆಡುವ ಮಾತು ಮೆಷಿನ್ ಮಾಡಿದ ಕಂಪನಿಯ ಸ್ವಂತದ್ದು. ಟ್ರೇನಲ್ಲಿ ಯಾವ ಹಾಳೆ, ಟೋನರ್ ಎಷ್ಟು, ಜಾಮ್ ಎಲ್ಲಿ, ಎಲ್ಲ ಅದರಲ್ಲೇ. ಅಂಗಡಿಯಿಂದ ತಂದ ರಿಪ್ ಸಾಫ್ಟ್‌ವೇರಿಗೆ ಆ ಭಾಷೆ ಬರುವುದಿಲ್ಲ.

ಹಾಗಾಗಿ ‘ಬೇರೆ ಕಂಪನಿಯ ಕಂಟ್ರೋಲರ್’ ಅಂದರೆ ನಿಮ್ಮ ಇಂಜಿನ್ ಮಾಡಿದವರೇ ಒಪ್ಪಿ ಹೊರತಂದ ಬೇರೆ ಕಂಟ್ರೋಲರ್ ಅಂತಲೇ ಅರ್ಥ. ಖುಷಿಯ ವಿಷಯ ಏನೆಂದರೆ ಬಹಳ ಮೆಷಿನ್‌ಗಳಿಗೆ ಅಂಥವು ಎರಡೋ ಮೂರೋ ಇದ್ದವು. 2008ರಲ್ಲಿ ಬಂದ ಝೆರಾಕ್ಸ್ 700 ತಗೊಳ್ಳಿ. ಅದಕ್ಕೆ ಒಳಗೇ ಕೂರುವ ಫಿಯರಿ, ಹೊರಗಿಡುವ ಫಿಯರಿ, ಕ್ರಿಯೋ ತಂತ್ರಜ್ಞಾನದ್ದು, ಝೆರಾಕ್ಸ್‌ನದೇ ಫ್ರೀಫ್ಲೋ, ಇಷ್ಟು ಆಯ್ಕೆ ಇತ್ತು. ಕೋನಿಕಾ ಮಿನೋಲ್ಟಾದ ಬಿಝ್‌ಹಬ್ ಪ್ರೆಸ್ ಸಾಲಿನಲ್ಲೂ ಅವರ ಸ್ವಂತದ್ದು, ಫಿಯರಿ, ಕ್ರಿಯೋ ಮೂರೂ ಇದ್ದವು. ನಿಮ್ಮ ಮೆಷಿನ್ನಿನ ಹಳೇ ಬ್ರೋಷರ್ ಅಥವಾ ಸರ್ವಿಸ್ ಮ್ಯಾನುಯಲ್ ಹುಡುಕಿ. ಆಪ್ಷನ್‌ಗಳ ಪುಟದಲ್ಲಿ ಕಂಟ್ರೋಲರ್‌ಗಳ ಹೆಸರು ಮತ್ತು ಕೋಡ್ ನಂಬರ್ ಇರುತ್ತದೆ. ನೀವು ಹುಡುಕಬೇಕಾದ್ದು ಆ ಪಟ್ಟಿಯಲ್ಲಿ ಇರುವವನ್ನು ಮಾತ್ರ.

ಅವುಗಳಲ್ಲಿ ನನ್ನ ಒಲವು ಫಿಯರಿ ಕಡೆ. ಗುಣಕ್ಕಿಂತ ಜಾಸ್ತಿ, ಸಿಗುವ ಸಾಧ್ಯತೆಗಾಗಿ ಈ ಮಾತು. 1991ರಿಂದ ಇದೆ, ಎಷ್ಟೋ ಕಂಪನಿಗಳ ಮೆಷಿನ್‌ಗೆ ಅದನ್ನೇ ಕೂರಿಸಿದ್ದಾರೆ. ಹಾಗಾಗಿ ಹಳೇ ಭಾಗ ಸಿಗುತ್ತದೆ, ಕಲಿತ ಆಪರೇಟರುಗಳೂ ಸಿಗುತ್ತಾರೆ. ಕ್ರಿಯೋ ಬಣ್ಣದಲ್ಲಿ ತುಂಬಾ ಒಳ್ಳೆಯದು. ಆದರೆ ಆ ಕಂಪನಿ 2005ರಲ್ಲೇ ಕೊಡಾಕ್ ಪಾಲಾಯಿತು. ಇವತ್ತು ಅದರ ಹಳೇ ಡಬ್ಬಿ ಕೆಟ್ಟರೆ ಕೇಳುವವರನ್ನು ಹುಡುಕಬೇಕು. ಹಳೇ ಫ್ರೀಫ್ಲೋ ಓಡುವುದು ಸೊಲಾರಿಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಮೇಲೆ. ಗೊತ್ತಿರುವವರು ಹತ್ತಿರ ಇದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ಈಗ ನಾನು ಪೆಟ್ಟು ತಿಂದ ಕಥೆ ಹೇಳಬೇಕು. ಒಂದು ಪ್ರೆಸ್ಸಿಗಾಗಿ ಹಳೇ ಕಂಟ್ರೋಲರ್ ತರಿಸಿದೆ. ಹೆಸರು ಅದೇ, ಬಣ್ಣ ಅದೇ, ಹಿಂದಿನ ಕನೆಕ್ಟರಿನ ಆಕಾರವೂ ಅದೇ. ಕೇಬಲ್ ಸಿಕ್ಕಿಸಿ ಎರಡೂ ಕಡೆಯ ಸ್ಕ್ರೂ ಬಿಗಿ ಮಾಡಿ ಆನ್ ಮಾಡಿದೆ. ಚೆನ್ನಾಗಿ ಬೂಟ್ ಆಯಿತು. ಆಮೇಲೆ ಪರದೆ ಮೇಲೆ ‘ಮೆಷಿನ್ನಿನ ಪವರ್, ಕೇಬಲ್ ನೋಡಿ’ ಅನ್ನುವ ಸಂದೇಶ. ಕೇಬಲ್ ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ ಮೂಲೆಯ ಒಂದು ಪಿನ್ ಬಾಗಿತ್ತು. ಸೂಜಿಯಲ್ಲಿ ಮೆಲ್ಲಗೆ ನೆಟ್ಟಗೆ ಮಾಡಿದೆ. ಸಿಕ್ಕಿತು ಅಂತ ಖುಷಿಯಾಯಿತು. ಮತ್ತೆ ಅದೇ ಸಂದೇಶ. ಎರಡು ದಿನ ಒದ್ದಾಡಿದ ಮೇಲೆ ಬೋರ್ಡಿನ ಮೇಲಿನ ಚಿಕ್ಕ ಬಿಳಿ ಚೀಟಿ ಓದಿದೆ. ಅದು ಅದೇ ಸಾಲಿನ, ವೇಗ ಕಡಿಮೆ ಇರುವ ಕಿರಿಯ ಮಾಡೆಲ್ಲಿನ ಬೋರ್ಡು. ನಮ್ಮ ಇಂಜಿನ್ ಅದಕ್ಕೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಆ ಪ್ರೆಸ್ಸಿನವರ ದುಡ್ಡು ನನ್ನ ಅವಸರಕ್ಕೆ ಹೋಯಿತು. ಇವತ್ತಿಗೂ ಅದು ನನಗೆ ನೋವೇ.

ಅದಕ್ಕೇ ಹೇಳುತ್ತೇನೆ, ಹೊರಗಿನ ಹೆಸರು ನೋಡಿ ಕೊಳ್ಳಬೇಡಿ. ಇಂಟರ್‌ಫೇಸ್ ಬೋರ್ಡಿನ ಚೀಟಿಯ ಫೋಟೋ ತರಿಸಿಕೊಳ್ಳಿ, ಪಾರ್ಟ್ ನಂಬರ್ ಓದುವ ಹಾಗಿರಲಿ. ಮೂಲ ಕೇಬಲ್ ಜೊತೆಗೇ ಬರಲಿ. ಎಷ್ಟೋ ಮೆಷಿನ್‌ಗಳಲ್ಲಿ ಹೊರಗಿನ ಕಂಟ್ರೋಲರಿಗೆ ಜೋಡಿಯಾಗಿ ಇಂಜಿನ್ ಒಳಗೂ ಒಂದು ಕಾರ್ಡು ಬೇಕು. ಅದನ್ನು ಜನ ಮರೆತೇ ಬಿಡುತ್ತಾರೆ, ಹಳೇ ಮೆಷಿನ್ ಜೊತೆ ಅದು ಗುಜರಿಗೆ ಹೋಗಿರುತ್ತದೆ. ಡಾಂಗಲ್ (ಲೈಸೆನ್ಸ್ ಇರುವ ಚಿಕ್ಕ ಪ್ಲಗ್) ಇದ್ದರೆ ಅದು, ಸಿಸ್ಟಂ ಸಾಫ್ಟ್‌ವೇರ್ ಡಿಸ್ಕು, ಅಡ್ಮಿನ್ ಪಾಸ್‌ವರ್ಡ್, ಎಲ್ಲ ಕೇಳಿ. ಲೈಸೆನ್ಸ್ ಮದರ್‌ಬೋರ್ಡಿಗೋ ಡಾಂಗಲ್ಲಿಗೋ ಅಂಟಿಕೊಂಡಿರುತ್ತದೆ, ಆಮೇಲೆ ಬೇರೆ ತಂದು ಅಂಟಿಸೋಕೆ ಆಗಲ್ಲ. ಕೊಡುವವರ ಹತ್ತಿರ ನಿಮ್ಮದೇ ಮಾಡೆಲ್ಲಿನ ಇಂಜಿನ್ ಇದ್ದರೆ ಅದಕ್ಕೆ ಜೋಡಿಸಿ ಕಾನ್ಫಿಗರೇಷನ್ ಪೇಜ್ ತೆಗೆದು ತೋರಿಸಲಿ. ಇವತ್ತಿನ ತಾರೀಖು ಅದರ ಮೇಲೆ ಇರಬೇಕು. ಅದೊಂದು ಹಾಳೆ ನನಗೆ ಹತ್ತು ಮಾತಿಗೆ ಸಮ.

ಇನ್ನೊಂದು ದಾರಿ ಇದೆ, ಮತ್ತು ಬಹಳ ಜನಕ್ಕೆ ಇದೇ ಸಾಕು. ಹಳೇ ಕಂಟ್ರೋಲರನ್ನು ಬರೀ ಬಾಗಿಲಾಗಿ ಇಟ್ಟುಕೊಳ್ಳಿ. ಬುದ್ಧಿಯ ಕೆಲಸ ಅದರ ಮುಂದಿನ ಹೊಸ ಕಂಪ್ಯೂಟರಿನಲ್ಲಿ ಆಗಲಿ. ಪುಟ ಜೋಡಣೆ, ಬಣ್ಣ ಬದಲಾವಣೆ, ಟ್ರಾನ್ಸ್‌ಪರೆನ್ಸಿ (ನೆರಳಿನಂಥ ಪಾರದರ್ಶಕ ಭಾಗ) ಕರಗಿಸುವುದು ಎಲ್ಲ ಅಲ್ಲೇ ಮುಗಿಸಿ, ಸಿದ್ಧವಾದ ಫೈಲನ್ನು ಎಲ್‌ಪಿಆರ್ ಅಥವಾ 9100 ಪೋರ್ಟ್ ಅನ್ನುವ ನೆಟ್‌ವರ್ಕ್ ದಾರಿಯ ಮೂಲಕ ಹಳೆಯದಕ್ಕೆ ಕಳಿಸಿ. ಹಳೆಯದರಲ್ಲಿ ಬಣ್ಣದ ಹೊಂದಾಣಿಕೆ ಆಫ್ ಮಾಡಿ. ಇಲ್ಲದಿದ್ದರೆ ಎರಡು ಸಲ ಬಣ್ಣ ತಿರುಗಿ ಚರ್ಮದ ಬಣ್ಣ ಇಟ್ಟಿಗೆಯಂತಾಗುತ್ತದೆ.

ಇಲ್ಲಿ ಒಂದು ಎಚ್ಚರ. ಎಲ್ಲವನ್ನೂ ಟಿಫ್ ಚಿತ್ರ ಮಾಡಿ ಕಳಿಸೋಣ ಅನ್ನಿಸುತ್ತದೆ. ಬೇಡ. ಅಕ್ಷರಗಳೂ ಚಿತ್ರವಾಗಿಬಿಡುತ್ತವೆ. ಕಂಟ್ರೋಲರ್ ಅವನ್ನೂ ಫೋಟೋ ಥರ ಚುಕ್ಕಿ ಮಾಡುತ್ತದೆ. ಭೂತಗನ್ನಡಿಯಲ್ಲಿ ನೋಡಿ, ಸಣ್ಣ ಅಕ್ಷರದ ಒತ್ತು, ದೀರ್ಘದ ತುದಿ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಕನ್ನಡದಲ್ಲಿ ಇದು ಇನ್ನೂ ಜಾಸ್ತಿ ಕಾಣುತ್ತದೆ, ನಮ್ಮ ಒತ್ತಕ್ಷರಗಳು ಅಷ್ಟು ಚಿಕ್ಕವು. ಪ್ರಿಂಟಿಗಾಗಿಯೇ ಇರುವ ಪಿಡಿಎಫ್/ಎಕ್ಸ್-1ಎ ರೂಪಕ್ಕೆ ಮಾಡಿ ಕಳಿಸಿ. ಫಾಂಟುಗಳು ಒಳಗೇ ಸೇರಿರುತ್ತವೆ, ಅಕ್ಷರ ಅಕ್ಷರವಾಗೇ ಉಳಿಯುತ್ತದೆ. ಫೈಲೂ ಚಿಕ್ಕದು.

ಸ್ಟೇಪಲ್, ಬುಕ್‌ಲೆಟ್, ಯಾವ ಟ್ರೇ ಎಂಬ ಆದೇಶಗಳು ಸುಮ್ನೆ ಪಿಡಿಎಫ್ ಎಸೆದರೆ ಹೋಗುವುದಿಲ್ಲ. ಅದಕ್ಕೆ ಹಳೇ ಕಂಟ್ರೋಲರಿನಲ್ಲೇ ಕೆಲಸಕ್ಕೊಂದು ಕ್ಯೂ, ಅಂದರೆ ಸೆಟ್ಟಿಂಗ್ ಮೊದಲೇ ಕಟ್ಟಿಟ್ಟ ಸಾಲು, ಮಾಡಿಡಿ. ಪುಸ್ತಕದ ಒಳಪುಟಕ್ಕೆ ಒಂದು, ರಕ್ಷಾಪುಟಕ್ಕೆ ಒಂದು, ಕಾರ್ಡಿಗೆ ಒಂದು. ಟ್ರೇ, ಹಾಳೆಯ ತೂಕ, ಎರಡು ಬದಿ ಎಲ್ಲ ಕ್ಯೂನಲ್ಲೇ ಕೂತಿರಲಿ.

ಎಷ್ಟೋ ಹಳೇ ಕಂಟ್ರೋಲರುಗಳಲ್ಲಿ ಹಳೇ ವಿಂಡೋಸ್ ಇರುತ್ತದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಸಾಮಾನ್ಯ ಬೆಂಬಲ ನಿಂತಿತು. ಅದನ್ನು ಇಂಟರ್‌ನೆಟ್ಟಿಗೆ ಬಿಡಬೇಡಿ. ಹೊಸ ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ. ಒಂದು ಕಚೇರಿಯ ಕಡೆ, ಇನ್ನೊಂದು ಕಂಟ್ರೋಲರಿನ ಕಡೆ ಮಾತ್ರ.

ಪ್ರಶ್ನೆ: ಅದೇ ಮೆಷಿನ್‌ಗೆ ಒಂದು ಕಂಟ್ರೋಲರ್ ತೆಗೆದು ಬೇರೆ ಹಾಕಿದೆವು. ಹಳೇ ಗ್ರಾಹಕರ ಕಾರ್ಡು ಮತ್ತೆ ಪ್ರಿಂಟ್ ಮಾಡಿದರೆ ಬಣ್ಣ ಬೇರೆ ಬರುತ್ತಿದೆ. ಟೋನರ್ ಅದೇ, ಹಾಳೆ ಅದೇ. ತಪ್ಪು ಎಲ್ಲಿ?

ಉತ್ತರ: ತಪ್ಪಲ್ಲ, ಹಾಗೇ ಆಗಬೇಕು. ಪ್ರತಿ ಕಂಟ್ರೋಲರಿಗೂ ಅದರದೇ ಸ್ಕ್ರೀನ್ (ಚುಕ್ಕಿ ಜೋಡಿಸುವ ವಿಧ), ಅದರದೇ ಕ್ಯಾಲಿಬ್ರೇಷನ್ ಗುರಿ, ಅದರದೇ ಪ್ರೊಫೈಲ್ (ಆ ಹಾಳೆಯ ಮೇಲೆ ಬಣ್ಣ ಹೇಗೆ ಬರುತ್ತದೆ ಅನ್ನುವ ನಕ್ಷೆ). ಹಳೇ ಪ್ರೊಫೈಲ್ ಫೈಲನ್ನು ಹೊಸದಕ್ಕೆ ನಕಲು ಮಾಡಿದರೆ ಕೆಲಸ ಇನ್ನೂ ಕೆಡುತ್ತದೆ. ಅದನ್ನು ಮಾಡಿದ್ದರೆ ಇವತ್ತೇ ಅಳಿಸಿ.

ಬುಡದಿಂದ ಬನ್ನಿ. ಮೆಷಿನ್ ಬಿಸಿಯಾಗಲಿ, ಐವತ್ತು ಹಾಳೆ ಓಡಲಿ. ಮೊದಲು ಇಂಜಿನ್ನಿನ ಸ್ವಂತ ಹೊಂದಾಣಿಕೆ ಮಾಡಿ. ಆಮೇಲೆ ಕಂಟ್ರೋಲರಿನ ಕ್ಯಾಲಿಬ್ರೇಷನ್. ಕೊನೆಗೆ ನಿಮ್ಮ ಹಾಳೆಗೆ ಹೊಸ ಪ್ರೊಫೈಲ್. ಈ ಸರದಿ ತಲೆಕೆಳಗಾದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಅಳೆಯುವ ಉಪಕರಣದ ಬಗ್ಗೆ ಮೊದಲೇ ವಿಚಾರಿಸಿ. ಹಳೇ ಫಿಯರಿ, ಇಎಸ್-1000 ಅನ್ನುವ ಹಳೇ ಅಳತೆ ಉಪಕರಣದ ಕಾಲದ್ದಾದರೆ, ನಿಮ್ಮ ಕೈಯಲ್ಲಿರುವ ಹೊಸ ಉಪಕರಣವನ್ನು ಗುರುತಿಸದೇ ಇರಬಹುದು.

ಗ್ರಾಹಕರ ಕಾರ್ಡಿಗೆ ಹೊಂದಿಸುವುದಕ್ಕೆ ನಾನು ಮಾಡುವುದು ಇಷ್ಟು. ಅವರು ಒಪ್ಪಿದ್ದ ಹಳೇ ಕಾರ್ಡಿನ ಮುಖ್ಯ ಬಣ್ಣವನ್ನು ಅಳೆದು ಲ್ಯಾಬ್ ಬೆಲೆ (ಬಣ್ಣವನ್ನು ಹೇಳುವ ಮೂರು ಅಂಕಿ) ಬರೆದುಕೊಳ್ಳುತ್ತೇನೆ. ಹೊಸದರಲ್ಲಿ ಅದನ್ನೇ ಸ್ಪಾಟ್ ಕಲರ್, ಅಂದರೆ ಹೆಸರಿಟ್ಟ ಪ್ರತ್ಯೇಕ ಬಣ್ಣ, ಆಗಿ ಸೇರಿಸಿ ಆ ಬೆಲೆ ಕೊಡುತ್ತೇನೆ. ಎದುರಿನಲ್ಲಿ ಲೋಗೋ ಹೊಂದಿದರೆ ಉಳಿದದ್ದರ ಬಗ್ಗೆ ಗ್ರಾಹಕರು ಅಷ್ಟಾಗಿ ತಕರಾರು ತೆಗೆಯುವುದಿಲ್ಲ, ನನ್ನ ಅನುಭವ ಇದು. ಇನ್ನು ಮೇಲೆ ಪ್ರತಿ ಒಪ್ಪಿಗೆಯ ಹಾಳೆಯನ್ನೂ ಕಪ್ಪು ಕವರಿನಲ್ಲಿ ಹಾಕಿ, ತಾರೀಖು ಬರೆದು ಇಡಿ.

ಪ್ರಶ್ನೆ: ಹಳೇ ಕಂಟ್ರೋಲರಿನಲ್ಲಿ ನೆರಳು ಇರುವ ಅಕ್ಷರದ ಸುತ್ತ ಬಿಳಿ ಚೌಕ ಬರುತ್ತದೆ. ಪರದೆ ಮೇಲೆ ಇರುವುದಿಲ್ಲ. ಕಂಟ್ರೋಲರ್ ಬದಲಿಸಲೇಬೇಕಾ?

ಉತ್ತರ: ಬೇಡ. ಟ್ರಾನ್ಸ್‌ಪರೆನ್ಸಿ ಪಿಡಿಎಫ್‌ಗೆ ಬಂದದ್ದು 2001ರಲ್ಲಿ, 1.4 ಆವೃತ್ತಿಯ ಜೊತೆ. ಅದನ್ನು ಹಾಗೇ ನೇರವಾಗಿ ಓದುವ ಅಡೋಬಿ ಪಿಡಿಎಫ್ ಪ್ರಿಂಟ್ ಇಂಜಿನ್ ಬಂದದ್ದು 2006ರಲ್ಲಿ. ಅದಕ್ಕಿಂತ ಹಳೇ ಥರದ ರಿಪ್ ಇರುವ ಕಂಟ್ರೋಲರುಗಳು ಪಿಡಿಎಫ್ಫನ್ನು ಮೊದಲು ಪೋಸ್ಟ್‌ಸ್ಕ್ರಿಪ್ಟ್‌ಗೆ ತಿರುಗಿಸುತ್ತವೆ. ಆ ತಿರುವಿನಲ್ಲಿ ನೆರಳಿನ ಕೆಳಗೆ ಸ್ಪಾಟ್ ಕಲರ್ ಇದ್ದರೆ, ಓವರ್‌ಪ್ರಿಂಟ್ (ಒಂದು ಬಣ್ಣದ ಮೇಲೇ ಇನ್ನೊಂದು ಕೂರುವುದು) ಇದ್ದರೆ, ಬಿಳಿ ಚೌಕ ಉಳಿದುಕೊಳ್ಳುತ್ತದೆ.

ಕಂಟ್ರೋಲರಿನಲ್ಲಿ ‘ಕಾಂಪೋಸಿಟ್ ಓವರ್‌ಪ್ರಿಂಟ್’ ಅನ್ನುವ ಆಯ್ಕೆ ಹುಡುಕಿ ಆನ್ ಮಾಡಿ ನೋಡಿ. ಅಷ್ಟಕ್ಕೆ ಸರಿಹೋಗದಿದ್ದರೆ ಸ್ಪಾಟ್ ಕಲರನ್ನು ನಾಲ್ಕು ಬಣ್ಣಕ್ಕೆ ತಿರುಗಿಸಿ, ಪಿಡಿಎಫ್/ಎಕ್ಸ್-1ಎ ಆಗಿ ಕಳಿಸಿ. ಅದರಲ್ಲಿ ಟ್ರಾನ್ಸ್‌ಪರೆನ್ಸಿಗೆ ಜಾಗವೇ ಇಲ್ಲ, ಎಲ್ಲ ಮೊದಲೇ ಕರಗಿರುತ್ತದೆ. ಪಿಡಿಎಫ್ ಪ್ರಿಂಟ್ ಇಂಜಿನ್ ಇರುವ ಕಂಟ್ರೋಲರ್ ಸಿಕ್ಕ ದಿನ, ಟ್ರಾನ್ಸ್‌ಪರೆನ್ಸಿಯನ್ನು ಹಾಗೇ ಉಳಿಸುವ ಪಿಡಿಎಫ್/ಎಕ್ಸ್-4 ಕಳಿಸಬಹುದು. ಕೊಳ್ಳುವ ಮುಂಚೆ ಗೆಂಟ್ ಔಟ್‌ಪುಟ್ ಸೂಟ್‌ನ ಪರೀಕ್ಷಾ ಪುಟ ಹಾಕಿ ಪ್ರಿಂಟ್ ತೆಗೆದು ನೋಡಿ. ಓವರ್‌ಪ್ರಿಂಟ್, ಟ್ರಾನ್ಸ್‌ಪರೆನ್ಸಿಯನ್ನು ರಿಪ್ ತಪ್ಪಾಗಿ ಓದಿದರೆ ಅದರ ಚೌಕಗಳಲ್ಲಿ ದೊಡ್ಡ ಎಕ್ಸ್ ಗುರುತು ಕಾಣುತ್ತದೆ.

ಪ್ರಶ್ನೆ: ನಿಜವಾಗಿಯೂ ಸತ್ತ ಕಂಟ್ರೋಲರನ್ನು ಗುಜರಿಗೆ ಹಾಕಬಹುದಾ?

ಉತ್ತರ: ಹಾಗೇ ಹಾಕಬೇಡಿ. ಇಂಟರ್‌ಫೇಸ್ ಬೋರ್ಡು, ಕೇಬಲ್ಲು, ಡಾಂಗಲ್ಲು, ರ್ಯಾಮ್ ಬಿಚ್ಚಿ, ಸ್ಥಾಯಿ ವಿದ್ಯುತ್ ತಡೆಯುವ ಕವರಿನಲ್ಲಿ ಹಾಕಿಡಿ. ನಿಮಗಲ್ಲದಿದ್ದರೆ ನಿಮ್ಮ ಹಾಗೇ ಹುಡುಕುತ್ತಿರುವ ಇನ್ನೊಬ್ಬರಿಗೆ ಬೇಕಾಗುತ್ತದೆ. ಡಿಸ್ಕು ಮಾತ್ರ ಯಾರಿಗೂ ಕೊಡಬೇಡಿ. ನಿಮ್ಮ ಗ್ರಾಹಕರು ಪ್ರಿಂಟ್‌ಗೆ ಕೊಟ್ಟ ಗುರುತಿನ ಚೀಟಿ, ಪ್ರಶ್ನೆಪತ್ರಿಕೆ, ಲೆಕ್ಕದ ಪುಸ್ತಕ ಎಲ್ಲ ಅದರಲ್ಲೇ ಉಳಿದಿರಬಹುದು. ಪೂರ್ತಿ ಅಳಿಸುವ ಸಾಫ್ಟ್‌ವೇರ್ ಓಡಿಸಿ. ಡಿಸ್ಕು ತಿರುಗುವುದೇ ನಿಂತಿದ್ದರೆ ಬಿಚ್ಚಿ, ಒಳಗಿನ ಹೊಳೆಯುವ ತಟ್ಟೆಗಳ ಮೇಲೆ ಡ್ರಿಲ್ ಹಾಕಿ. ಕಣ್ಣಿಗೆ ಕನ್ನಡಕ ಇರಲಿ, ಕೆಲವು ತಟ್ಟೆಗಳು ಗಾಜಿನವು, ಚೂರಾಗಿ ಸಿಡಿಯುತ್ತವೆ.